ಇಬ್ಬರು ಅಕ್ಕತಂಗಿಯರು, ಎರಡು ನಾಯಿ, ಒಂದು ಹಳೆಯ ಕಾರು: ಬೀದರ್ ಮುಗಿಯಿತು, ಯಾದಗಿರಿ ಕಡೆ ಹೋಗುವುದು ಹೇಗೆ?

ಸಣ್ಣಾಕೆ_ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಹೋದ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ನಾನೂ ನನ್ನ ಅಕ್ಕನೂ ಎರಡು ನಾಯಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್, ಬಸವಕಲ್ಯಾಣ, ಭಾಲ್ಕಿ ಹಾದಿಯಾಗಿ ಬೀದರಿನವರೆಗೆ ನಾಲ್ಕು ದಿನ ಸುತ್ತಾಡಿ ಬಂದೆವು. ನಾಯಿಗಳಲ್ಲಿ ಒಂದು ರಾಣಿ, ಐದು ವರ್ಷದ ಮುಧೋಳ ತಳಿಯ ಹೆಣ್ಣುನಾಯಿ. ಇನ್ನೊಂದು ಬೆಲ್ಲ, ನಮ್ಮ ಓಣಿಯ ಹಿಟ್ಟಿನ ಗಿರಣಿಯ ಕಟ್ಟೆಯ ಕೆಳಗೆ ಹುಟ್ಟಿದ ಬೀದಿನಾಯಿ. ಅವನಿಗೀಗ ಹನ್ನೊಂದು ವರ್ಷ.

ಆ ನಾಲ್ಕು ದಿನಗಳಲ್ಲಿ ನನಗೆ ಬಹಳ ನೆನಪಿರುವುದು ಕೋಟೆಯೂ ಅಲ್ಲ, ಗುಡಿಯೂ ಅಲ್ಲ. ಹುಮನಾಬಾದ್ ದಾಟಿದ ಮೇಲೆ ರಸ್ತೆಯ ಮಗ್ಗುಲಿನ ಜೋಳದ ಹೊಲದಲ್ಲಿ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ ಊಟಕ್ಕೆ ಕುಳಿತಿದ್ದ ಮನೆಯವರು, ಬೆಲ್ಲನಿಗೆ ನೀರು ಕುಡಿಸಲೆಂದು ನಾವು ಕಾರು ನಿಲ್ಲಿಸಿದ್ದನ್ನು ನೋಡಿ, "ನಾಯಿ ಕರ್ಕೊಂಡೇ ಬರ್ರೀ ಅಕ್ಕಾರ, ಇವತ್ತ ಹೊಲದಾಗ ಬಂದವ್ರನ್ನ ಹಂಗ ಕಳಿಸಂಗಿಲ್ಲ" ಎಂದು ಕೂಗಿ ಕರೆದರು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲವೂ ಆಯಿತು. ರಾಣಿಯನ್ನು ನೋಡಿದ ಅಜ್ಜಿಯೊಬ್ಬರು, ಇಷ್ಟು ಸೊರಗಿದೆಯಲ್ಲ, ಮನೆಯಲ್ಲಿ ಅನ್ನ ಹಾಕುವುದಿಲ್ಲವೇ ಎಂದು ನಮ್ಮನ್ನು ಬೈದರು. ಮುಧೋಳ ನಾಯಿಯ ಮೈಕಟ್ಟೇ ಹಾಗೆಂದು ಹೇಳಿದರೂ ಅವರು ನಂಬಲಿಲ್ಲ.

ಆದರೆ ಊರೊಳಗೆ ಹೋದಾಗ ಕಥೆಯೇ ಬೇರೆ. ಮೂರು ಊರುಗಳಲ್ಲಿ ಐದು ಲಾಡ್ಜುಗಳವರು ನಮ್ಮನ್ನು ಬಾಗಿಲಲ್ಲಿಯೇ ತಿರುಗಿಸಿ ಕಳುಹಿಸಿದರು. ಒಂದು ರಾತ್ರಿಯನ್ನು ಬೀದರಿನ ಚಳಿಯಲ್ಲಿ ಕಾರಿನೊಳಗೇ ಕಳೆದೆವು. ಈಗ ಎರಡನೆಯ ಸುತ್ತಿನಲ್ಲಿ ಗಾಣಗಾಪುರ, ಜೇವರ್ಗಿ, ಶಹಾಪುರ, ಸುರಪುರ, ಯಾದಗಿರಿ ನೋಡಬೇಕೆಂದಿದ್ದೇವೆ. ಅಕ್ಕ ಶಿಕ್ಷಕಿಯಾಗಿರುವುದರಿಂದ ದೊಡ್ಡ ರಜೆ ಸಿಗುವುದು ಬೇಸಿಗೆಯಲ್ಲಿ ಮಾತ್ರ. ಮೇ ತಿಂಗಳಲ್ಲಿ ಹೋಗಬಹುದೇ? ನಾಯಿಗಳೊಂದಿಗೆ ತಂಗಲು ಜಾಗ ಎಲ್ಲಿ ಸಿಗುತ್ತದೆ? ಗಾಣಗಾಪುರದಂತಹ ದತ್ತಾತ್ರೇಯನ ಕ್ಷೇತ್ರಕ್ಕೆ ನಾಯಿಗಳನ್ನು ಕರೆದೊಯ್ದರೆ ಯಾರಾದರೂ ತಪ್ಪು ತಿಳಿಯುತ್ತಾರೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ತೊಗರಿ_ಹೊಲ:
ಮೇ ತಿಂಗಳಲ್ಲಿ ನಮ್ಮ ಕಡೆಯ ಮನುಷ್ಯರೇ ಹನ್ನೊಂದು ಗಂಟೆಯ ನಂತರ ಹೊರಗೆ ಕಾಲಿಡುವುದಿಲ್ಲ. ನಾಯಿಗಳು ನಿಮಗೆ ಏನು ಅನ್ಯಾಯ ಮಾಡಿವೆ ತಂಗಿ?

ಪಶುವೈದ್ಯ_ಬೀದರ್:
ಮೇಲಿನವರು ಹೇಳಿದ್ದನ್ನು ತಮಾಷೆಯೆಂದು ಬಿಡಬೇಡಿ. ನಾಯಿಯ ಮೈಯ ಸಹಜ ಉಷ್ಣತೆಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ; ಪಾದದ ಅಡಿಯಲ್ಲಿ ಸ್ವಲ್ಪ ಬೆವರುವುದನ್ನು ಬಿಟ್ಟರೆ, ನಾಲಿಗೆ ಹೊರಚಾಚಿ ತೇಕುವುದೊಂದೇ ಅದು ಮೈಯನ್ನು ತಂಪು ಮಾಡಿಕೊಳ್ಳುವ ದಾರಿ. ಹೊರಗಿನ ಗಾಳಿಯೇ 42 ಡಿಗ್ರಿ ಇದ್ದಾಗ, ತೇಕಿ ಒಳಗೆ ಎಳೆದುಕೊಳ್ಳುವ ಗಾಳಿ ತಂಪು ತರುವುದಾದರೂ ಹೇಗೆ? ಮೈಯ ಉಷ್ಣತೆ 41 ಡಿಗ್ರಿ ದಾಟಿತೆಂದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಪೆಟ್ಟು ಬೀಳತೊಡಗುತ್ತದೆ.

ನಿಲ್ಲಿಸಿದ ಕಾರಿನ ವಿಷಯವಂತೂ ಇನ್ನೂ ಭಯಂಕರ. ಹೊರಗೆ 35 ಡಿಗ್ರಿ ಇದ್ದರೆ ಬಾಗಿಲು ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 50 ಡಿಗ್ರಿ ಮುಟ್ಟುತ್ತದೆ, ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರೆ ಹೆಚ್ಚೇನೂ ಪ್ರಯೋಜನವಿಲ್ಲ. "ಐದು ನಿಮಿಷ ಚಹಾ ಕುಡಿದು ಬರುತ್ತೇವೆ" ಎಂದು ಹೋದವರ ನಾಯಿಗಳನ್ನು ನಾನು ಮೇಜಿನ ಮೇಲೆ ಮಲಗಿಸಿಕೊಂಡಿದ್ದೇನೆ. ಬಿಸಿಲು ಬಡಿದ ನಾಯಿಯನ್ನು ಕೂಡಲೇ ನೆರಳಿಗೆ ತಂದು, ಮೈಮೇಲೆ, ವಿಶೇಷವಾಗಿ ಹೊಟ್ಟೆ ಮತ್ತು ತೊಡೆಸಂದಿಗೆ, ಸಾಧಾರಣ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ವೈದ್ಯರ ಬಳಿಗೆ ಒಯ್ಯಬೇಕು. ಒದ್ದೆ ಟವೆಲ್ ಸುತ್ತಿ ಹಾಗೆಯೇ ಬಿಡಬೇಡಿ. ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಡಾಂಬರು ರಸ್ತೆಗೆ ನಿಮ್ಮ ಅಂಗೈಯ ಹಿಂಬದಿಯನ್ನು ಐದಾರು ಸೆಕೆಂಡು ಒತ್ತಿಹಿಡಿದು ನೋಡಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಪಾದವೂ ತಾಳುವುದಿಲ್ಲ.

ಮುಧೋಳ_ಅಭಿಮಾನಿ:
ಬೆಲ್ಲನ ಮಾತು ಬೇರೆ, ಆದರೆ ರಾಣಿಯ ಬಗ್ಗೆ ಇಷ್ಟು ಹೆದರುವ ಅಗತ್ಯವಿಲ್ಲ. ಮುಧೋಳ ತಳಿ ಹುಟ್ಟಿದ್ದೇ ದಖ್ಖನ್ನಿನ ಬಿಸಿಲಿನಲ್ಲಿ. ಸಣ್ಣ ಕೂದಲು, ಉದ್ದ ಕಾಲು, ತೆಳ್ಳನೆಯ ಮೈ ಎಲ್ಲವೂ ಈ ನೆಲಕ್ಕೆ ಹೇಳಿ ಮಾಡಿಸಿದಂತಿವೆ. 2005ರಲ್ಲಿ ಅಂಚೆ ಇಲಾಖೆಯು ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ನಮ್ಮ ಮುಧೋಳವೂ ಇತ್ತು. ಪರದೇಶದ ಪೊದೆಗೂದಲಿನ ನಾಯಿಗಳಿಗೆ ಹೇಳುವ ಬುದ್ಧಿಮಾತನ್ನು ಇದಕ್ಕೆ ಹೇಳಬಾರದು.

ಪಶುವೈದ್ಯ_ಬೀದರ್:
ಅಭಿಮಾನ ಇರಲಿ, ನನಗೂ ಇದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರವು ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ಈ ತಳಿಯು ಬಿಸಿಲನ್ನು ಬೇರೆಯವಕ್ಕಿಂತ ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಆದರೆ ತಡೆಯುವುದು ಬೇರೆ, ಮುಚ್ಚಿದ ಕಾರಿನಲ್ಲಿ ಬದುಕುಳಿಯುವುದು ಬೇರೆ. ಅಂಚೆಚೀಟಿಯ ಮೇಲೆ ಚಿತ್ರ ಬಂದ ಮಾತ್ರಕ್ಕೆ ಬಿಸಿಲು ಬಡಿಯುವುದನ್ನು ಬಿಡುವುದಿಲ್ಲ.

ಲಾಡ್ಜ್_ನಡೆಸುವವನು:
ಎಲ್ಲರೂ ಲಾಡ್ಜಿನವರನ್ನು ಬೈಯುವ ಮೊದಲು ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ನನ್ನದು ಬಸ್ ನಿಲ್ದಾಣದ ಹತ್ತಿರದ ಹದಿನಾಲ್ಕು ಕೋಣೆಗಳ ಸಣ್ಣ ಲಾಡ್ಜು. ಎರಡು ವರ್ಷದ ಹಿಂದೆ ಒಬ್ಬರು ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿ ಮದುವೆಗೆ ಹೋದರು. ಒಂಟಿಯಾದ ನಾಯಿ ಮೂರು ತಾಸು ಬೊಗಳಿತು, ಗಾದಿಯನ್ನು ಹರಿದು ಅರಳೆಯನ್ನೆಲ್ಲ ಕೋಣೆಯ ತುಂಬ ಹರಡಿತು. ಮಗ್ಗುಲಿನ ಕೋಣೆಯಲ್ಲಿದ್ದ ಕುಟುಂಬ ರಾತ್ರಿಯೇ ದುಡ್ಡು ವಾಪಸು ಇಸಿದುಕೊಂಡು ಹೋಯಿತು. ಗಾದಿಯ ದುಡ್ಡನ್ನು ಕೊಟ್ಟವರು ಯಾರು? ನಾನೇ.

ಹಾಗೆಂದು ನಾನು ನಾಯಿಗಳನ್ನು ಪೂರ್ತಿಯಾಗಿ ಬೇಡವೆನ್ನುವುದಿಲ್ಲ. ಎರಡು ದಿನ ಮುಂಚೆ ಫೋನು ಮಾಡಿ, ಎಷ್ಟು ನಾಯಿ, ಎಷ್ಟು ದೊಡ್ಡವು ಎಂದು ನೇರವಾಗಿ ಹೇಳಿದರೆ, ನೆಲಮಹಡಿಯಲ್ಲಿ ಹಿಂದಿನ ಬಾಗಿಲಿರುವ ಕೋಣೆಯನ್ನು ಕೊಡುತ್ತೇನೆ. ಗಾದಿಯ ಮೇಲೆ ಹಾಸಲು ನಿಮ್ಮದೇ ಚಾದರ ತನ್ನಿ, ಲಸಿಕೆಯ ಪುಸ್ತಕ ತೋರಿಸಿ, ಸ್ವಲ್ಪ ಮುಂಗಡ ಇಡಿ, ನಾಯಿಯನ್ನು ಒಂದೇ ಬಿಟ್ಟು ಎಲ್ಲಿಗೂ ಹೋಗಬೇಡಿ. ರಾತ್ರಿ ಒಂಬತ್ತಕ್ಕೆ ನೇರವಾಗಿ ಬಂದು ನಿಂತು, ಕೋಣೆ ಗೊತ್ತಾದ ಮೇಲೆ ಕಾರಿನಿಂದ ನಾಯಿ ಇಳಿಸಿದರೆ ಯಾವ ಲಾಡ್ಜಿನವನಿಗೂ ಸಿಟ್ಟು ಬರುತ್ತದೆ.

ಸಣ್ಣಾಕೆ_ಕಲಬುರಗಿ:
ಅಣ್ಣಾವ್ರೇ, ನಿಮ್ಮ ಮಾತು ನ್ಯಾಯವಾದದ್ದೇ. ಆದರೆ ನಮ್ಮ ವಿಷಯದಲ್ಲಿ ಹಾಗಾಗಲಿಲ್ಲ. ನಾವು ಎಲ್ಲವನ್ನೂ ಸರಿಯಾಗಿ ಹೇಳಿಯೇ ಕೇಳಿದ್ದೆವು, ಆದರೂ ನಾಯಿ ಎಂಬ ಶಬ್ದ ಕೇಳಿದ ಕೂಡಲೇ ಮುಖ ತಿರುಗಿಸಿದರು.

ದೊಡ್ಡಾಕೆ_ಕಲಬುರಗಿ:
ನಾನು ಮೇಲಿನವಳ ಅಕ್ಕ. ಇದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮನ್ನು ತಿರುಗಿಸಿದ್ದು ಐದು ಲಾಡ್ಜುಗಳಲ್ಲ, ಎರಡು. ಉಳಿದ ಎರಡರಲ್ಲಿ ಇವಳು ಕಾರಿನಿಂದ ಇಳಿಯದೆಯೇ, ಬೋರ್ಡು ನೋಡಿ, "ಇಲ್ಲಿ ಕೊಡುವುದಿಲ್ಲ ಬಿಡು" ಎಂದು ತೀರ್ಮಾನಿಸಿದಳು. ಐದನೆಯದರಲ್ಲಿ ಮಾಲೀಕರು ಒಂದು ನಾಯಿಗೆ ಒಪ್ಪಿದ್ದರು. ನನ್ನ ತಂಗಿ ಬೆಲ್ಲನನ್ನು ಕೌದಿಯಲ್ಲಿ ಸುತ್ತಿ, ಹಾಸಿಗೆಯ ಗಂಟೆಂದು ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ಅರ್ಧ ಹತ್ತುವಷ್ಟರಲ್ಲಿ ಆ ಗಂಟು ಸೀನಿತು. ಅಲ್ಲಿಂದ ಹೊರಬಿದ್ದದ್ದಕ್ಕೆ ಕಾರಣ ನಾಯಿಯಲ್ಲ.

ಕಾರಿನಲ್ಲಿ ರಾತ್ರಿ ಕಳೆದದ್ದು ಮಾತ್ರ ನಿಜ. ಬೀದರ್ ನಮ್ಮೂರಿಗಿಂತ ಎತ್ತರದ ಜಾಗ, ಚಳಿಗಾಲದ ರಾತ್ರಿ ಅಲ್ಲಿ ಹಲ್ಲು ಕಟಕಟಿಸುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ಬೆಳಗಿನವರೆಗೆ ಬೆಚ್ಚಗಿದ್ದವನು ಬೆಲ್ಲ ಒಬ್ಬನೇ, ಏಕೆಂದರೆ ಎರಡೂ ಕೌದಿಗಳು ಅವನ ಕೆಳಗಿದ್ದವು.

ತೊಗರಿ_ಹೊಲ:
ಗಂಟು ಸೀನಿತು! ಇಂಥ ಸಾಕ್ಷಿ ಎದುರಿಗೆ ಬಂದ ಮೇಲೆ ಸಣ್ಣಾಕೆಯ ಉಳಿದ ಲೆಕ್ಕಗಳನ್ನೂ ಒಮ್ಮೆ ತಪಾಸಣೆ ಮಾಡಬೇಕಾಗುತ್ತದೆ.

ಸಣ್ಣಾಕೆ_ಕಲಬುರಗಿ:
ಸರಿ, ಎರಡು. ಆದರೆ ಹನ್ನೊಂದು ವರ್ಷದ ನಾಯಿಯನ್ನು ಬೀದರಿನ ಚಳಿಯಲ್ಲಿ ಹೊರಗೆ ಕಟ್ಟಿಹಾಕಲು ನನ್ನಿಂದ ಆಗುತ್ತಿರಲಿಲ್ಲ.

ಅಫಜಲಪುರದವಳು:
ಗಾಣಗಾಪುರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ನಮ್ಮ ತಾಲ್ಲೂಕಿನ ಊರು ಅದು. ನಾಯಿಯನ್ನು ಕಂಡರೆ ಅಲ್ಲಿ ಯಾರೂ ಮುಖ ಕಿವುಚುವುದಿಲ್ಲ. ದತ್ತಾತ್ರೇಯನ ಚಿತ್ರವನ್ನು ನೋಡಿದವರಿಗೆ ಗೊತ್ತಿರುತ್ತದೆ: ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿಗಳು. ಆ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದು ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದತ್ತನು ಯಾವುದಾದರೊಂದು ರೂಪದಲ್ಲಿ ಮಧುಕರಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿದೆ. ಹೀಗಾಗಿ ಆ ಹೊತ್ತಿನಲ್ಲಿ ಎಲೆಯ ಹತ್ತಿರ ಬಂದ ನಾಯಿಗೆ "ಹಚ್ಯಾ" ಎನ್ನುವುದಕ್ಕೆ ನಮ್ಮ ಹಿರಿಯರು ಬಿಡುತ್ತಿರಲಿಲ್ಲ. ಭಿಕ್ಷೆ ಬೇಡಿ ತಂದ ರೊಟ್ಟಿಯಲ್ಲಿ ಒಂದು ತುಣುಕನ್ನು ನಾಯಿಗೆ ಹಾಕಿಯೇ ತಾವು ಉಣ್ಣುವ ಯಾತ್ರಿಕರನ್ನು ಇವತ್ತಿಗೂ ಕಾಣಬಹುದು.

ಆದರೆ ಇದರ ಅರ್ಥ ನಿಮ್ಮ ರಾಣಿಯನ್ನು ನಿರ್ಗುಣ ಮಠದೊಳಗೆ ಪಾದುಕೆಗಳ ದರ್ಶನಕ್ಕೆ ಒಯ್ಯಬಹುದೆಂದಲ್ಲ. ಅಲ್ಲಿ ನೂಕುನುಗ್ಗಲು, ಹುಣ್ಣಿಮೆಯ ದಿನವಂತೂ ಕಾಲಿಡಲು ಜಾಗವಿರುವುದಿಲ್ಲ. ಒಬ್ಬರು ದರ್ಶನಕ್ಕೆ ಹೋಗಿ, ಇನ್ನೊಬ್ಬರು ನಾಯಿಗಳೊಂದಿಗೆ ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಕಡೆ ಔದುಂಬರದ ನೆರಳಿನಲ್ಲಿ ಕುಳಿತುಕೊಳ್ಳಿ. ಊರಿನಲ್ಲಿರುವ ನಾಯಿಗಳ ಸಂಖ್ಯೆಯೂ ದೊಡ್ಡದು, ಉಂಡು ಬೆಳೆದವು ಬೇರೆ, ಹೊಸಬರನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ.

ಖಾನಾಪುರದ_ಹಾದಿ:
ನಾಯಿ ಮತ್ತು ದೇವರ ಮಾತು ಬಂದದ್ದರಿಂದ ಹೇಳುತ್ತೇನೆ. ನೀವು ಭಾಲ್ಕಿಯವರೆಗೆ ಹೋಗಿ, ಅದೇ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನನ್ನು ನೋಡದೆ ಬಂದಿರಾ? ಮೈಲಾರನ ಜೊತೆಯಲ್ಲಿ ಕುದುರೆ ಇದ್ದ ಹಾಗೆ ನಾಯಿಯೂ ಇದೆ. ಮೈಲಾರ ಪರಂಪರೆಯ ಗೊರವರು ತಾವೇ ದೇವರ ನಾಯಿಗಳೆಂದು ಬೊಗಳುತ್ತಾ, ದೋಣಿ ಎಂಬ ಬಟ್ಟಲಿನಲ್ಲಿಟ್ಟ ಹಾಲು, ಬಾಳೆಹಣ್ಣುಗಳನ್ನು ಕೈ ಹಚ್ಚದೆ ಬಾಯಿಯಿಂದಲೇ ತಿನ್ನುವ ಪದ್ಧತಿಯಿದೆ. ಮನುಷ್ಯನು ನಾಯಿಯಾಗುವುದನ್ನೇ ಸೇವೆಯೆಂದು ತಿಳಿದ ಜನ ನಾವು, ಲಾಡ್ಜಿನಲ್ಲಿ ಮಾತ್ರ ನಾಯಿಗೆ ಜಾಗವಿಲ್ಲ.

ಲಾಡ್ಜ್_ನಡೆಸುವವನು:
ಗೊರವಯ್ಯನವರು ಗಾದಿ ಹರಿಯುವುದಿಲ್ಲ ಸ್ವಾಮಿ.

ಸಂಶಯದ_ಮನುಷ್ಯ:
ಎಲ್ಲರೂ ಹೇಗೆ ಹೋಗಬೇಕೆಂದು ಹೇಳುತ್ತಿದ್ದಾರೆ, ಏಕೆ ಹೋಗಬೇಕೆಂದು ಯಾರೂ ಕೇಳುತ್ತಿಲ್ಲ. ನಾಯಿಗೆ ಬೇಕಾದದ್ದು ತನ್ನ ಓಣಿ, ತನ್ನ ಕಂಬ, ತನ್ನ ಹೊತ್ತಿಗೆ ಊಟ. ಸುರಪುರದ ಇತಿಹಾಸದಿಂದ ಅದಕ್ಕೇನಾಗಬೇಕಾಗಿದೆ? ಹನ್ನೊಂದು ವರ್ಷದ ಮುದಿ ನಾಯಿಯನ್ನು ಕಾರಿನಲ್ಲಿ ಕುಲುಕಿಸಿಕೊಂಡು ಹೋಗುವುದು ನಿಮ್ಮ ಸಂತೋಷಕ್ಕೇ ಹೊರತು ಅದರ ಸಂತೋಷಕ್ಕಲ್ಲ. ಫೋಟೋ ಚೆನ್ನಾಗಿ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ.

ಸಣ್ಣಾಕೆ_ಕಲಬುರಗಿ:
ಬೆಲ್ಲನಿಗೆ ಓಣಿಗಿಂತ ನಾವು ಮುಖ್ಯ. ನಾವಿಬ್ಬರೂ ಮನೆಯಲ್ಲಿಲ್ಲದ ದಿನ ಅವನು ಊಟ ಬಿಟ್ಟು ಬಾಗಿಲ ಪರಸಿಯ ಮೇಲೆ ಮಲಗಿರುತ್ತಾನೆ. ಕಾರಿನ ಕೀಲಿಯ ಸದ್ದು ಕೇಳಿದರೆ ಮೊದಲು ಎದ್ದು ನಿಲ್ಲುವವನೂ ಅವನೇ. ಫೋಟೋ ಬೇಕಾದರೆ ರಾಣಿ ಒಬ್ಬಳೇ ಸಾಕು, ಬೆಲ್ಲನ ಒಂದು ಕಿವಿ ಅರ್ಧವೇ ಇದೆ.

ದೊಡ್ಡಾಕೆ_ಕಲಬುರಗಿ:
ಸಂಶಯದವರು ಕೇಳಿದ್ದು ಒರಟಾದರೂ ಕೇಳಬೇಕಾದದ್ದೇ ಆಗಿತ್ತು. ಬಸವಕಲ್ಯಾಣದಿಂದ ಭಾಲ್ಕಿಗೆ ಹೋಗುವಾಗ ಬೆಲ್ಲ ಎರಡು ಸಲ ವಾಂತಿ ಮಾಡಿಕೊಂಡ, ಮೂರನೆಯ ದಿನ ಕಾರು ಹತ್ತಲು ಹಿಂಗಾಲು ಎತ್ತಲಾಗದೆ ನಿಂತುಬಿಟ್ಟ. ತಂಗಿ ಅದನ್ನು ಇಲ್ಲಿ ಬರೆದಿಲ್ಲ.

ಪಶುವೈದ್ಯ_ಬೀದರ್:
ವಾಂತಿಗೆ ಕಾರಣ ಬಹುಮಟ್ಟಿಗೆ ಹೊಟ್ಟೆ ತುಂಬ ತಿನ್ನಿಸಿ ಕಾರು ಹತ್ತಿಸಿದ್ದೇ ಇರಬೇಕು. ಹೊರಡುವುದಕ್ಕೆ ಮೂರು ನಾಲ್ಕು ತಾಸು ಮೊದಲೇ ಊಟ ಮುಗಿಸಿ, ದಾರಿಯಲ್ಲಿ ನೀರನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಹಿಂಗಾಲಿನದು ವಯಸ್ಸಿನ ಸಂಧಿವಾತವಿರಬಹುದು, ಹೊರಡುವ ಮೊದಲು ತೋರಿಸಿ. ನಿಮ್ಮ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಎಂದಿಗೂ ಕೊಡಬೇಡಿ. ಐಬುಪ್ರೊಫೆನ್‌ನಂತಹವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ.

ಇನ್ನೊಂದು ವಿಷಯ ಉಣ್ಣೆಹುಳುವಿನದು. ಊರೂರು ತಿರುಗಿ ಬಂದ ನಾಯಿ ಎರಡು ಮೂರು ವಾರಗಳ ನಂತರ ಮಂಕಾಗಿ, ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಚಿಕೊಂಡರೆ ಅಥವಾ ಮೂತ್ರ ಕೆಂಪಾದರೆ ಉಣ್ಣೆಜ್ವರವೆಂದು ತಿಳಿದು ರಕ್ತಪರೀಕ್ಷೆ ಮಾಡಿಸಿ. ಪ್ರವಾಸದ ದಿನಗಳಲ್ಲಿ ರಾತ್ರಿ ಮಲಗುವ ಮುನ್ನ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ನೋಡಿ. ಸೀಮೆಎಣ್ಣೆ ಹಚ್ಚುವ ಹಳೆಯ ಉಪಾಯ ಬೇಡ, ಚರ್ಮ ಸುಡುತ್ತದೆ.

ಜೋಳದ_ರೊಟ್ಟಿ:
ದಾರಿಯಲ್ಲಿ ಏನು ತಿನ್ನಿಸಬೇಕೆಂದು ಯಾರೂ ಹೇಳಲಿಲ್ಲವಲ್ಲ! ನಮ್ಮ ಮೂರು ನಾಯಿಗಳೂ ಜೋಳದ ರೊಟ್ಟಿ, ಉಪ್ಪು ಹಾಕದ ಮಜ್ಜಿಗೆ, ಬೇಯಿಸಿದ ತತ್ತಿ ತಿಂದೇ ಬೆಳೆದವು. ಎಲ್ಲ ಖಾನಾವಳಿಗಳಲ್ಲಿಯೂ ರೊಟ್ಟಿ ಸಿಗುತ್ತದೆ, ಎರಡು ಹೆಚ್ಚಿಗೆ ಕಟ್ಟಿಸಿಕೊಂಡರಾಯಿತು. ಆದರೆ ಪಲ್ಯದಲ್ಲಿ ಅದ್ದಿ ಕೊಡಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ನಿಮ್ಮ ಎಳ್ಳಮಾವಾಸ್ಯೆಯ ಭಜ್ಜಿಯಲ್ಲಿ ಬೆಳ್ಳುಳ್ಳಿ ಇರುವುದರಿಂದ ಅದೂ ಬೇಡವಾಗಿತ್ತು. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಢಾಬಾದವರು ಪ್ರೀತಿಯಿಂದ ಹಾಕುವ ಬೆಂದ ಕೋಳಿಯ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕಮಲಾಪುರದ ಕೆಂಪು ಬಾಳೆಹಣ್ಣಾದರೆ ಒಂದು ತುಂಡು ಕೊಡಬಹುದು, ಆದರೆ ಅದರ ಬೆಲೆ ನೋಡಿದರೆ ನಾಯಿಗೆ ಕೊಡಲು ಮನಸ್ಸಾಗುವುದಿಲ್ಲ.

ಸಣ್ಣಾಕೆ_ಕಲಬುರಗಿ:
ಬೆಲ್ಲನಿಗೆ ಒಂದು ಪೂರ್ತಿ ಹಣ್ಣು ಕೊಟ್ಟಿದ್ದೇವೆ. ಭಜ್ಜಿ ಕೊಟ್ಟಿಲ್ಲ, ಅಜ್ಜಿ ರಾಣಿಗೆ ಬರೀ ರೊಟ್ಟಿ ಹಾಕಿದರು.

ಕಿರಾಣಿ_ಬಜಾರ್:
ಬೀದಿನಾಯಿಗಳು ಮುತ್ತಿಕೊಂಡರೆ ಬಿಸ್ಕತ್ತು ಎಸೆದು ಬಿಡಿ, ಸುಮ್ಮನಾಗುತ್ತವೆ. ಒಂದು ವೇಳೆ ಕಚ್ಚಿದರೆ ಗಾಯಕ್ಕೆ ಖಾರದ ಪುಡಿ ಒತ್ತಿದರೆ ನಂಜು ಇಳಿಯುತ್ತದೆ ಎಂದು ನಮ್ಮ ಹಳ್ಳಿಯಲ್ಲಿ ಹೇಳುತ್ತಾರೆ. ಇಲ್ಲದಿದ್ದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಮಾಡಿಸಿಕೊಳ್ಳಬೇಕಾಗುತ್ತದೆ.

ಆರೋಗ್ಯ_ಕಾರ್ಯಕರ್ತೆ:
ದಯವಿಟ್ಟು ಇಂತಹದ್ದನ್ನು ಬರೆಯಬೇಡಿ. ಖಾರದ ಪುಡಿ, ಸುಣ್ಣ, ಅರಿಸಿನ ಯಾವುದನ್ನೂ ಗಾಯಕ್ಕೆ ಹಚ್ಚಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಬರಿಯ ಈ ತೊಳೆಯುವಿಕೆಯೇ ಗಾಯದಲ್ಲಿರುವ ರೇಬೀಸ್ ವೈರಾಣುಗಳಲ್ಲಿ ಬಹಳಷ್ಟನ್ನು ಹೊರಹಾಕುತ್ತದೆ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳಿನ ಸುತ್ತಲಿನ ಹದಿನಾಲ್ಕು ಸೂಜಿಯ ಕಾಲ ಎಂದೋ ಮುಗಿದಿದೆ. ಈಗ ತೋಳಿನ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ ಹಾಕುತ್ತಾರೆ. ರಕ್ತ ಬರುವ ಗಾಯವಾದರೆ ಗಾಯದ ಸುತ್ತಲೂ ಇಮ್ಯುನೋಗ್ಲೋಬುಲಿನ್ ಚುಚ್ಚುಮದ್ದನ್ನೂ ಕೊಡಬೇಕಾಗುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯಿಲ್ಲ. ಆದ್ದರಿಂದ ಹಳ್ಳಿಯಲ್ಲಿ ಹೇಳುತ್ತಾರೆ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಬಿಸ್ಕತ್ತಿನ ಉಪಾಯವೂ ತಪ್ಪು. ಒಂದು ಬಿಸ್ಕತ್ತಿಗೆ ಆರು ನಾಯಿಗಳು ಬಂದು ನಿಮ್ಮ ಕಾಲ ಬಳಿಯೇ ಜಗಳ ತೆಗೆಯುತ್ತವೆ.

ಕಿರಾಣಿ_ಬಜಾರ್:
ಅಕ್ಕಾರ, ಬೈಬೇಡಿ. ಖಾರದ ಪುಡಿಯ ಮಾತನ್ನು ವಾಪಸು ತೆಗೆದುಕೊಂಡೆ.

ಕುರಿಗಾರರ_ಮನೆಯವನು:
ಬೀದಿನಾಯಿಗಿಂತ ದೊಡ್ಡ ಚಿಂತೆ ನಿಮ್ಮ ರಾಣಿಯದು. ಮುಧೋಳವು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆಯ ನಾಯಿ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಕುರಿಹಿಂಡುಗಳು ತಂಗಿರುತ್ತವೆ. ಮರಿಯೊಂದು ಓಡಿತೆಂದರೆ ಅವಳು ನಿಮ್ಮ ಮಾತು ಕೇಳುವುದಿಲ್ಲ, ಹಿಂಡು ಕಾಯುವ ನಾಯಿಗಳು ಅವಳನ್ನು ಬಿಡುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು: ನಗರದಿಂದ ಬಂದವರೊಬ್ಬರು, "ನಮ್ಮ ನಾಯಿ ಬಹಳ ಸಾಧು" ಎಂದು ಹಗ್ಗ ಬಿಚ್ಚಿದರು, ಹತ್ತು ನಿಮಿಷದಲ್ಲಿ ಎರಡು ಮರಿಗಳ ಬೆಲೆ ಕಟ್ಟಿಕೊಡಬೇಕಾಯಿತು. ಬಯಲು ಎಷ್ಟೇ ದೊಡ್ಡದಿರಲಿ, ಹಗ್ಗ ಕೈಯಲ್ಲಿರಲಿ.

ಹೈದರಾಬಾದ್_ರಸ್ತೆ:
ಇಬ್ಬರು ಹೆಣ್ಣುಮಕ್ಕಳು ಹೋಗುವಾಗ ಜೊತೆಯಲ್ಲಿ ಒಂದು ಮುಧೋಳವಿದ್ದರೆ ಒಳ್ಳೆಯ ಕಾವಲು, ಅಷ್ಟರಮಟ್ಟಿಗೆ ಕರೆದೊಯ್ಯುವುದೇ ಸರಿ.

ದೊಡ್ಡಾಕೆ_ಕಲಬುರಗಿ:
ಕಾವಲಿನ ಮಾತು ಹೇಳಬೇಡಿ. ರಾಣಿಯನ್ನು ದೂರದಿಂದ ಕಂಡವರು ಹೆದರುತ್ತಾರೆ, ಹತ್ತಿರ ಬಂದವರ ಕೈ ನೆಕ್ಕುತ್ತಾಳೆ. ನನ್ನ ಅನುಭವದಲ್ಲಿ ನಾಯಿಯಿಂದಾದ ನಿಜವಾದ ಉಪಯೋಗ ಬೇರೆ. ನಾವಿಬ್ಬರೇ ಹೋಗಿ ಒಂದು ಸಣ್ಣ ಊರಿನ ಚಹಾದಂಗಡಿಯ ಮುಂದೆ ನಿಂತರೆ, ಯಾರ ಮಕ್ಕಳು, ಗಂಡಸರು ಯಾರೂ ಜೊತೆಗಿಲ್ಲವೇ ಎಂಬ ಪ್ರಶ್ನೆಗಳು ಬರುತ್ತವೆ. ನಾಯಿ ಇದ್ದಾಗ ಮೊದಲ ಪ್ರಶ್ನೆ ನಾಯಿಯದು: ಯಾವ ಜಾತಿ, ಏನು ತಿನ್ನುತ್ತದೆ, ಎಷ್ಟಕ್ಕೆ ತಂದಿರಿ. ಅಷ್ಟು ಮಾತಾದ ಮೇಲೆ ನಮ್ಮ ಗಂಡಂದಿರ ವಿಚಾರ ಯಾರಿಗೂ ನೆನಪಾಗುವುದಿಲ್ಲ. ಭಾಲ್ಕಿಯಲ್ಲಿ ಒಬ್ಬ ಅವ್ವ ಬೆಲ್ಲನ ಅರ್ಧ ಕಿವಿಯನ್ನು ನೋಡಿ, ತಮ್ಮ ಮನೆಯಲ್ಲಿ ಹಿಂದೆ ಇದ್ದ ನಾಯಿಯ ಕಥೆಯನ್ನು ಒಂದು ತಾಸು ಹೇಳಿ, ಕಡೆಗೆ ಅತ್ತರು. ನಾಯಿ ಇಲ್ಲದಿದ್ದರೆ ಅವರು ನಮ್ಮೊಡನೆ ಮಾತಾಡುತ್ತಲೇ ಇರಲಿಲ್ಲ.

ಕೋಟೆ_ಬಾಗಿಲು:
ಒಂದು ನಿಯಮದ ಮಾತು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಒಳಗೆ ಪ್ರಾಣಿಗಳನ್ನು ತರುವುದನ್ನು 1959ರ ನಿಯಮಗಳಲ್ಲಿಯೇ ತಡೆಯಲಾಗಿದೆ. ಬೀದರಿನ ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗೋರಿಗಳು, ನಮ್ಮ ಕಲಬುರಗಿಯ ಕೋಟೆ ಎಲ್ಲವೂ ಈ ಪಟ್ಟಿಯಲ್ಲಿವೆ. ಕೋಟೆಯೊಳಗೆ ಬೀದಿನಾಯಿಗಳು ಮಲಗಿರುವುದನ್ನು ತೋರಿಸಿ ಕಾವಲುಗಾರನೊಂದಿಗೆ ವಾದಿಸಬೇಡಿ, ಅವು ಟಿಕೆಟು ಕೊಂಡು ಬಂದವಲ್ಲ. ಅಕ್ಕತಂಗಿಯರು ಸರದಿಯ ಮೇಲೆ ಒಳಗೆ ಹೋಗುವುದೊಂದೇ ದಾರಿ.

ಸುರಪುರದವನು:
ಬೇಸಿಗೆ ಬಿಟ್ಟರೆ ನಮ್ಮ ಕಡೆ ಧಾರಾಳವಾಗಿ ಬನ್ನಿ. ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ನೋಡಲು ಮೇಲೆ ಹತ್ತಬೇಕಾಗಿಲ್ಲ. ಬೆಳಗಿನ ಹೊತ್ತು ರಸ್ತೆಯ ಮಗ್ಗುಲಿನಿಂದಲೇ ಆ ಮಲಗಿದ ಆಕೃತಿ ಸ್ಪಷ್ಟವಾಗಿ ಕಾಣುತ್ತದೆ, ನಾಯಿಗಳನ್ನು ಇಳಿಸಿ ಅಡ್ಡಾಡಿಸಲು ಜಾಗವೂ ಇದೆ. ಸುರಪುರದಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿ. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಅದು. ಅದೇ ರಾಜ ಮುಂದೆ ಇಂಗ್ಲಿಷರ ವಿರುದ್ಧ ಬಂಡೆದ್ದು 1858ರಲ್ಲಿ ತೀರಿಕೊಂಡ.

ಮೂರು ಜಾಗಗಳಲ್ಲಿ ನಾಯಿಯನ್ನು ಕೆಳಗೆ ಇಳಿಸಬೇಡಿ. ಒಂದು ಬೋನಾಳ ಪಕ್ಷಿಧಾಮ. ಚಳಿಗಾಲದಲ್ಲಿ ದೂರದಿಂದ ಬಂದ ಹಕ್ಕಿಗಳು ಕೆರೆಯಲ್ಲಿರುತ್ತವೆ, ರಾಣಿಯಂಥವಳು ಒಮ್ಮೆ ಓಡಿದರೆ ಸಾಕು. ಎರಡು, ತಿಂಥಣಿಯ ಹತ್ತಿರ ಕೃಷ್ಣಾ ನದಿ. ಮೌನೇಶ್ವರನ ದರ್ಶನ ಮಾಡಿ, ಆದರೆ ನಾಯಿಯನ್ನು ನೀರಿಗೆ ಬಿಡಬೇಡಿ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೂರು, ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿನ ಭತ್ತ, ಹತ್ತಿಯ ಹೊಲಗಳು. ಬದುವಿನ ಮೇಲೆ ಇಲಿಪಾಷಾಣ ಇಟ್ಟಿರುತ್ತಾರೆ, ಗುಂಡಿಯ ನೀರಿನಲ್ಲಿ ಸಿಂಪಡಿಸಿದ ಔಷಧಿ ಇರುತ್ತದೆ. ಕುಡಿಯುವ ನೀರನ್ನು ಮನೆಯಿಂದ ಕ್ಯಾನಿನಲ್ಲಿ ತನ್ನಿ.

ತೊಗರಿ_ಹೊಲ:
ಹಾಗಾದರೆ ದಸರಾ ರಜೆಯಲ್ಲಿ ಹೋಗಲಿ, ಶಾಲೆಗೂ ರಜೆ, ಬಿಸಿಲೂ ಇಲ್ಲ.

ಅಫಜಲಪುರದವಳು:
ದಸರಾದ ಹೊತ್ತಿಗೆ ಭೀಮೆಯನ್ನು ನಂಬಬೇಡಿ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ನೀರಿಗೆ ನದಿಯ ದಂಡೆಯ ಊರುಗಳೇ ಮುಳುಗಿದ್ದವು. ಗಾಣಗಾಪುರ, ಘತ್ತರಗಿಯ ಕಡೆ ಬರುವವರು ದೀಪಾವಳಿ ಮುಗಿದ ಮೇಲೆ ಬಂದರೆ ಒಳ್ಳೆಯದು.

ದೊಡ್ಡಾಕೆ_ಕಲಬುರಗಿ:
ಎಲ್ಲರ ಮಾತು ಓದಿ, ಮನೆಯಲ್ಲಿ ಒಂದು ಜಗಳವನ್ನೂ ಮುಗಿಸಿ ಬರೆಯುತ್ತಿದ್ದೇನೆ. ಮೇ ತಿಂಗಳನ್ನು ಕೈಬಿಟ್ಟಿದ್ದೇವೆ. ದೀಪಾವಳಿಯ ನಂತರ, ನನ್ನ ರಜೆ ಸಿಕ್ಕಂತೆ, ಎರಡು ತುಂಡು ಮಾಡಿ ಹೋಗುತ್ತೇವೆ. ಮೊದಲನೆಯದು ಗಾಣಗಾಪುರ: ಸುಮಾರು 40 ಕಿಲೋಮೀಟರ್ ದೂರ, ಬೆಳಿಗ್ಗೆ ಐದಕ್ಕೆ ಹೊರಟರೆ ರಾತ್ರಿ ಮನೆ ಸೇರಬಹುದು. ಬೆಲ್ಲನೂ ಬರುತ್ತಾನೆ. ಎರಡನೆಯದು ಶಹಾಪುರ, ಸುರಪುರ, ಯಾದಗಿರಿ, ಎರಡು ರಾತ್ರಿ. ಅದಕ್ಕೆ ರಾಣಿ ಮಾತ್ರ ಬರುತ್ತಾಳೆ, ಬೆಲ್ಲ ಅವ್ವನ ಹತ್ತಿರ ಇರುತ್ತಾನೆ. ಸುರಪುರದಲ್ಲಿ ಒಂದು ಲಾಡ್ಜಿಗೆ ನಾನೇ ಫೋನು ಮಾಡಿದೆ. ಒಂದು ನಾಯಿ, ಲಸಿಕೆಯಾಗಿದೆ, ನಮ್ಮದೇ ಚಾದರ ತರುತ್ತೇವೆ ಎಂದು ಹೇಳಿದೆ. ಒಪ್ಪಿದರು.

ಸಣ್ಣಾಕೆ_ಕಲಬುರಗಿ:
ಜಗಳ ಮುಗಿದಿಲ್ಲ. ಹೋದ ಸಲ ಅವ್ವನ ಹತ್ತಿರ ವಾರ ಬಿಟ್ಟಾಗ ಅವನಿಗೆ ದಿನಾ ತುಪ್ಪದಲ್ಲಿ ರೊಟ್ಟಿ ಮುರಿದು ಹಾಕಿ ಎರಡು ಕಿಲೋ ಹೆಚ್ಚಿಸಿದ್ದರು. ಆ ತೂಕಕ್ಕೇ ಹಿಂಗಾಲು ನೋಯುತ್ತಿರುವುದು ಎಂದು ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

ಪಶುವೈದ್ಯ_ಬೀದರ್:
ಅದು ಸಾಧ್ಯ. ತೂಕ ಇಳಿಸಿದರೆ ಕಾಲಿನ ನೋವು ಕಡಿಮೆಯಾಗುತ್ತದೆ. ಅವ್ವನವರಿಗೆ ಬೇಕಾದರೆ ನಾನೇ ಚೀಟಿ ಬರೆದು ಕೊಡುತ್ತೇನೆ.

ದೊಡ್ಡಾಕೆ_ಕಲಬುರಗಿ:
ಬರೆದು ಕೊಡಿ ಡಾಕ್ಟರ್ ಸಾಹೇಬರೇ, ತುಪ್ಪ ಎಂಬ ಶಬ್ದವನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅವ್ವನ ಕನ್ನಡಕ ಹಳೆಯದು.

ಲಾಡ್ಜ್_ನಡೆಸುವವನು:
ಸುರಪುರದ ಆ ಲಾಡ್ಜಿನವರಿಗೆ ನಾನೂ ಒಂದು ಮಾತು ಹೇಳಿಡಲೇ? ಸಣ್ಣಾಕೆಯವರ ಕೌದಿಯನ್ನು ಬಾಗಿಲಲ್ಲೇ ಬಿಚ್ಚಿ ನೋಡಿರಿ ಎಂದು.